ಮಾರ್ಪಡಿಸಿದ ಟಾರ್ಚ್ ಮಂಕಾಗಿ ಉರಿಯುತ್ತಿದೆಯೇ? ಎಲ್‌ಇಡಿ ಕೀಳುವ ಮುಂಚೆ ಇಷ್ಟು ನೋಡಿ

ಹಳೆಯ ಬಲ್ಬ್ ಟಾರ್ಚಿಗೆ ಎಲ್‌ಇಡಿ ಕೂರಿಸಿದ್ದಾಯಿತು, ಅದಕ್ಕೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪುಟ್ಟ ಬೋರ್ಡನ್ನು, ಅಂದರೆ ಡ್ರೈವರನ್ನು, ಬದಲಿಸಿದ್ದಾಯಿತು, ಹೊಸ ಸೆಲ್ ಹಾಕಿದ್ದೂ ಆಯಿತು. ಗುಂಡಿ ಒತ್ತಿದರೆ ಬೆಳಕು ಬರುತ್ತದೆ, ಆದರೆ ಪಟ್ಟ ಪಾಡಿಗೆ ತಕ್ಕಷ್ಟಿಲ್ಲ. ಇಂಥ ಹೊತ್ತಿನಲ್ಲಿ ಬಹಳ ಜನ ಮೊದಲು ಎಲ್‌ಇಡಿಯನ್ನೇ ಬೈದು ಇನ್ನೊಂದನ್ನು ತರಿಸುತ್ತಾರೆ. ಅದನ್ನೂ ಹಾಕಿ ನೋಡಿದರೆ ಮತ್ತದೇ ಮಂಕು. ಎಲ್‌ಇಡಿ ಕೆಟ್ಟರೆ ಸಾಮಾನ್ಯವಾಗಿ ಪೂರ್ತಿ ಕೆಡುತ್ತದೆ. ಅದು ಮಂಕಾಗಿ ಉರಿಯುತ್ತಿದ್ದರೆ ಅದಕ್ಕೆ ಕರೆಂಟ್ ಸಾಲುತ್ತಿಲ್ಲ ಎಂದೇ ಹಿಡಿದು ಹುಡುಕಾಟ ಶುರುಮಾಡುವುದು ಒಳ್ಳೆಯದು.

ಮಾರ್ಪಡಿಸುವ ಮುಂಚೆ ಚೆನ್ನಾಗಿಯೇ ಇದ್ದ ಟಾರ್ಚು ಈಗೇಕೆ ಹೀಗೆ? ಲೆಕ್ಕ ಹಾಕಿದರೆ ತಿಳಿಯುತ್ತದೆ. ಎರಡು ಸೆಲ್ಲಿನ ಟಾರ್ಚುಗಳಲ್ಲಿ ಬಳಕೆಯಲ್ಲಿದ್ದ ಪಿಆರ್2 ಬಲ್ಬ್ 2.38 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಎಳೆಯುತ್ತಿತ್ತು. ಸ್ವಿಚ್ಚು, ಸ್ಪ್ರಿಂಗು, ತಿರುಪು ಎಲ್ಲ ಸೇರಿ ದಾರಿಯಲ್ಲಿ 0.2 ಓಮ್ ರೋಧ ಇದ್ದರೂ ಅಲ್ಲಿ ಕಳೆದುಹೋಗುತ್ತಿದ್ದುದು 0.1 ವೋಲ್ಟ್ ಮಾತ್ರ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಅದೇ ಕೊಳವೆಯಲ್ಲಿ 2.8 ಆಂಪಿಯರ್ ಹರಿಸಬೇಕೆಂದು ಹೊರಟಿದ್ದೀರಿ. ಅದೇ 0.2 ಓಮ್ ಈಗ 0.56 ವೋಲ್ಟ್ ನುಂಗುತ್ತದೆ. ಟಾರ್ಚಿನಲ್ಲಿ ಹೊಸದಾಗಿ ಏನೂ ಕೆಟ್ಟಿಲ್ಲ. ಹಳೆಯ ಸಂಪರ್ಕಗಳಿಗೆ ಹೊಸ ಹೊರೆ ಬಿದ್ದಿದೆ, ಅಷ್ಟೇ.

ಲಕ್ಷಣ ನೋಡಿ ಅರ್ಧ ದಾರಿ

ಮೊದಲನೆಯದಾಗಿ, ಡ್ರೈವರಿನಲ್ಲಿ ಹಲವು ಮೋಡ್‌ಗಳಿದ್ದರೆ ನೀವು ಇರುವುದು ಕಡಿಮೆ ಬೆಳಕಿನ ಮೋಡಿನಲ್ಲಿ ಅಲ್ಲ ತಾನೇ? ನಗಬೇಡಿ. ಹಿಂದಿನ ಮೋಡನ್ನು ನೆನಪಿಟ್ಟುಕೊಳ್ಳುವ ಡ್ರೈವರುಗಳು ಎಷ್ಟೋ ಜನರಿಗೆ ಸುಮ್ಮನೆ ಬೆಸುಗೆ ಕಡ್ಡಿ ಹಿಡಿಸಿವೆ.

ಚಾರ್ಜ್ ಮಾಡಿದ ಕೂಡಲೇ ಚೆನ್ನಾಗಿ ಉರಿದು, ಸೆಲ್ಲಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಇರುವಾಗಲೇ ಮಂಕಾಗತೊಡಗಿದರೆ ವೋಲ್ಟೇಜಿಗೆ ಉಸಿರಾಡಲು ಜಾಗ ಇಲ್ಲ ಎಂದು ಅರ್ಥ. ಕರೆಂಟನ್ನು ಒಂದೇ ಮಟ್ಟದಲ್ಲಿಡುವ 7135 ಎಂಬ ಚಿಪ್ಪುಗಳಿರುವ ಡ್ರೈವರನ್ನೇ ತೆಗೆದುಕೊಳ್ಳಿ. ಒಂದೊಂದು ಚಿಪ್ಪೂ ಸುಮಾರು 350 ಮಿಲಿಆಂಪಿಯರ್ ಬಿಡುತ್ತದೆ, ಎಂಟು ಚಿಪ್ಪಿಗೆ 2.8 ಆಂಪಿಯರ್. ಅಷ್ಟು ಕರೆಂಟಿನಲ್ಲಿ ಎಲ್‌ಇಡಿಗೆ 3.3 ವೋಲ್ಟಿನ ಆಸುಪಾಸು ಬೇಕು, ಚಿಪ್ಪುಗಳಿಗೆ ತಮ್ಮ ಪಾಲು ಸುಮಾರು 0.15. ಒಟ್ಟು 3.45 ವೋಲ್ಟ್ ಡ್ರೈವರಿನ ಬಾಯಿಗೆ ತಲುಪಬೇಕು. ತುಂಬಿದ 18650 ಸೆಲ್ (ರೀಚಾರ್ಜ್ ಆಗುವ ದುಂಡನೆಯ ಲಿಥಿಯಂ ಸೆಲ್) ಹೊರೆ ಬಿದ್ದಾಗ 4.0 ವೋಲ್ಟಿಗೆ ಇಳಿಯಿತು ಎನ್ನೋಣ. ದಾರಿಯಲ್ಲಿ 0.56 ಹೋದರೆ ಉಳಿದದ್ದು 3.44, ಹೇಗೋ ನಡೆಯುತ್ತದೆ. ಸೆಲ್ 3.8ಕ್ಕೆ ಬಂದ ಕ್ಷಣದಿಂದ ಡ್ರೈವರ್ ಕೈಚೆಲ್ಲುತ್ತದೆ. ದಾರಿ ಚೊಕ್ಕವಾಗಿದ್ದರೆ ಅದೇ ಸೆಲ್ 3.5ರವರೆಗೂ ಪೂರ್ತಿ ಬೆಳಕು ಕೊಡುತ್ತಿತ್ತು.

ತಟ್ಟಿದರೆ, ತಿರುಚಿದರೆ, ಹಿಂದಿನ ಮುಚ್ಚಳ ಬಿಗಿಮಾಡಿದರೆ ಬೆಳಕು ಏರಿಳಿಯುತ್ತದೆಯೇ? ಹಾಗಾದರೆ ಸಂಪರ್ಕದ ದೋಷ, ಬೇರೆ ಮಾತಿಲ್ಲ. ಶುರುವಿನಲ್ಲಿ ಪ್ರಖರವಾಗಿದ್ದು ಒಂದೆರಡು ನಿಮಿಷಕ್ಕೆ ಇಳಿದು, ಆರಿಸಿ ತಣ್ಣಗಾದ ಮೇಲೆ ಮತ್ತೆ ಪ್ರಖರವಾದರೆ ಅದು ಶಾಖದ ವಿಚಾರ. ಕೆಲವು ಡ್ರೈವರುಗಳು ಬಿಸಿಯಾದಾಗ ತಾವೇ ಕರೆಂಟ್ ಇಳಿಸುತ್ತವೆ. ಅದು ದೋಷವಲ್ಲ, ಅದರ ಕೆಲಸವೇ ಅದು.

ನನಗೆ ಎಲ್ಲಕ್ಕಿಂತ ನಂಬಿಕೆಯ ಲಕ್ಷಣ ಎಂದರೆ ಬೆರಳಿಗೆ ಸಿಗುವ ಬಿಸಿ. ಟಾರ್ಚಿನ ತಲೆ ಬಿಸಿಯಾಗಬೇಕು, ಬಾಲ ಬಿಸಿಯಾಗಬಾರದು. ಪೂರ್ತಿ ಬೆಳಕಿನಲ್ಲಿ ಒಂದೆರಡು ನಿಮಿಷ ಉರಿಸಿ, ಹಿಂದಿನ ಮುಚ್ಚಳದ ರಬ್ಬರ್ ಗುಂಡಿಯ ಸುತ್ತ ಮುಟ್ಟಿ ನೋಡಿ. ತಲೆ ಇನ್ನೂ ಉಗುರುಬೆಚ್ಚಗಿರುವಾಗಲೇ ಅಲ್ಲಿ ಬಿಸಿ ತಾಗಿದರೆ ಕಳ್ಳ ಅಲ್ಲೇ ಕೂತಿದ್ದಾನೆ. 2.8 ಆಂಪಿಯರ್ ಹರಿಯುವಾಗ 0.2 ಓಮ್ ಎಂದರೆ ಒಂದೂವರೆ ವ್ಯಾಟಿಗಿಂತ ಹೆಚ್ಚು ಶಾಖ. ಅಷ್ಟು ಚಿಕ್ಕ ಮುಚ್ಚಳದಲ್ಲಿ ಅದು ಅಡಗಿ ಕೂರಲಾರದು.

ಕಣ್ಣನ್ನು ಮಾತ್ರ ಅಳತೆಗೋಲು ಮಾಡಿಕೊಳ್ಳಬೇಡಿ. ಬೆಳಕು ಅರ್ಧಕ್ಕಿಳಿದರೂ ಕಣ್ಣಿಗೆ ಸ್ವಲ್ಪ ಕಡಿಮೆಯಾದಂತಷ್ಟೇ ಅನಿಸುತ್ತದೆ. ಹಾಗಾಗಿ 'ಸ್ವಲ್ಪ ಮಂಕು' ಎನಿಸಿದ್ದರೆ ನಿಜವಾದ ನಷ್ಟ ದೊಡ್ಡದೇ ಇರುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಚಾವಣಿಯ ಕಡೆಗೆ ನಿಲ್ಲಿಸಿ, ಮೇಜಿನ ಮೇಲೆ ಒಂದೇ ಜಾಗದಲ್ಲಿಟ್ಟ ಫೋನಿನ ಲಕ್ಸ್ (ಬೆಳಕು ಅಳೆಯುವ) ಆ್ಯಪಿನಲ್ಲಿ ಬರುವ ಅಂಕಿ ಬರೆದಿಟ್ಟುಕೊಳ್ಳಿ. ಆ ಅಂಕಿ ಖಚಿತವೇ ಎನ್ನುವುದು ಮುಖ್ಯವಲ್ಲ, ರಿಪೇರಿಯ ಮುಂಚೆ ಮತ್ತು ಆಮೇಲೆ ಹೋಲಿಸಲು ಸಾಕು.

ಸೆಲ್: ಖಾಲಿ ಕೂತಾಗ ಎಲ್ಲ ಸೆಲ್ಲೂ ಸಾಧುವೇ

ಟಾರ್ಚಿನಿಂದ ತೆಗೆದು ಮೀಟರ್ ಹಿಡಿದರೆ 4.1 ತೋರಿಸುತ್ತದೆ, 'ಸೆಲ್ ಸರಿ ಇದೆ' ಎಂದು ಪಕ್ಕಕ್ಕಿಡುತ್ತಾರೆ. ಹೊರೆ ಇಲ್ಲದ ವೋಲ್ಟೇಜಿಗೆ ಅಷ್ಟು ಬೆಲೆ ಇಲ್ಲ. ಸೆಲ್ಲಿನ ಒಳರೋಧ ಎಷ್ಟಿದೆ ಎನ್ನುವುದು ಪ್ರಶ್ನೆ. ಒಳ್ಳೆಯ 18650ಯಲ್ಲಿ ಅದು ಕೆಲವು ಹತ್ತು ಮಿಲಿಓಮ್. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ಲಿನಲ್ಲಿ 150 ಮಿಲಿಓಮ್ ದಾಟಿದ್ದರೆ ಆಶ್ಚರ್ಯ ಪಡಬೇಕಿಲ್ಲ. ಅಂಥದ್ದು 2.8 ಆಂಪಿಯರ್ ಕೊಡುವಾಗ ತನ್ನೊಳಗೇ 0.4 ವೋಲ್ಟ್ ಕಳೆದುಕೊಳ್ಳುತ್ತದೆ. ಜೊತೆಗೆ ಡ್ರೈವರಿನಲ್ಲಿ ಕಡಿಮೆ ವೋಲ್ಟೇಜಿನ ಎಚ್ಚರಿಕೆ ಇದ್ದರೆ, ಅದು ಈ ಕುಸಿತವನ್ನೇ ನೋಡಿ ಸೆಲ್ ಖಾಲಿಯಾಯಿತೆಂದು ಬೆಳಕು ಇಳಿಸಿಬಿಡುತ್ತದೆ.

ಪರೀಕ್ಷೆ ಸುಲಭ. ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು ಸೆಲ್ ಹಾಕಿ ನೋಡಿ. ಅದಿಲ್ಲದಿದ್ದರೆ ಸೆಲ್ಲಿನ ಎರಡು ತುದಿಗೆ ಹೊರೆ ಕೊಟ್ಟು, ಅದೇ ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ. 4.7 ಓಮಿನ 5 ವ್ಯಾಟ್ ರೆಸಿಸ್ಟರ್ ಆದರೆ ಮುಕ್ಕಾಲು ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ಕೆಲವೇ ಸೆಕೆಂಡು ಸಾಕು, ರೆಸಿಸ್ಟರ್ ಬಿಸಿಯಾಗುತ್ತದೆ. ಮುಂಚಿನ ವೋಲ್ಟೇಜಿಗೂ ಹೊರೆಯಲ್ಲಿದ್ದಾಗಿನ ವೋಲ್ಟೇಜಿಗೂ ಇರುವ ವ್ಯತ್ಯಾಸವನ್ನು ಕರೆಂಟಿನಿಂದ ಭಾಗಿಸಿದರೆ ಒಳರೋಧದ ಅಂದಾಜು ಸಿಗುತ್ತದೆ. 0.04 ವೋಲ್ಟ್ ಇಳಿದರೆ ಚಿಂತೆಯಿಲ್ಲ. 0.15 ಇಳಿದರೆ ಆ ಸೆಲ್ಲನ್ನು ಗೋಡೆ ಗಡಿಯಾರದಷ್ಟು ಸಣ್ಣ ಕೆಲಸಕ್ಕೂ ನಾನು ಇಟ್ಟುಕೊಳ್ಳುವುದಿಲ್ಲ.

ಹೊದಿಕೆಯ ಮೇಲೆ 9900 ಮಿಲಿಆಂಪಿಯರ್ ಅವರ್ ಎಂದು ಅಚ್ಚು ಹಾಕಿದ 18650 ಸಿಕ್ಕರೆ ಅಳೆಯುವ ಶ್ರಮವೂ ಬೇಡ. ಆ ಗಾತ್ರದಲ್ಲಿ ಅಷ್ಟು ಶಕ್ತಿ ತುಂಬುವ ಸೆಲ್ ಇಲ್ಲ. ಒಳ್ಳೆಯ ಸೆಲ್ಲುಗಳೇ 3500ರ ಆಸುಪಾಸು. ಕೈಯಲ್ಲಿ ಹಿಡಿದರೂ ತಿಳಿಯುತ್ತದೆ: ಅಸಲಿಯದು 45 ಗ್ರಾಂ ಸುತ್ತಮುತ್ತ ತೂಗುತ್ತದೆ, ನಕಲಿ ಎಷ್ಟೋ ಸಲ ಹಗುರ.

ಪೆನ್ ಟಾರ್ಚಿನ ಗಾತ್ರದ ಎಎ ಸೆಲ್ಲುಗಳಿಗೆ ಬೇರೆಯದೇ ಕತೆ. ಅಲ್ಕಲೈನ್ 1.5 ವೋಲ್ಟ್, ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ 1.2 ವೋಲ್ಟ್. ಹಾಗಾಗಿ ಅಲ್ಕಲೈನೇ ಮೇಲು ಎಂದು ತೋರುತ್ತದೆ. ಹೆಚ್ಚು ಕರೆಂಟ್ ಎಳೆಯುವ ಟಾರ್ಚಿನಲ್ಲಿ ಇದು ಉಲ್ಟಾ. ಅಲ್ಕಲೈನಿನ ಒಳರೋಧ ಜಾಸ್ತಿ, ಒಂದು ಆಂಪಿಯರ್ ದಾಟಿದರೆ ಅದು ಬೇಗ ಕುಸಿಯುತ್ತದೆ. ಹೈಡ್ರೈಡ್ ಸೆಲ್ 1.2ರ ಹತ್ತಿರ ಗಟ್ಟಿಯಾಗಿ ನಿಲ್ಲುತ್ತದೆ. ಎರಡೇ ಸೆಲ್ಲಿಗೆ ನೇರವಾಗಿ ಬಿಳಿ ಎಲ್‌ಇಡಿ ಕಟ್ಟಿದ್ದರೆ ಯಾವ ಸೆಲ್ ಹಾಕಿದರೂ ಮಂಕೇ. 2.4 ವೋಲ್ಟಿನಲ್ಲಿ ಬಿಳಿ ಎಲ್‌ಇಡಿ ಸರಿಯಾಗಿ ಕಣ್ಣೇ ತೆರೆಯುವುದಿಲ್ಲ. ಅಲ್ಲಿ ವೋಲ್ಟೇಜ್ ಏರಿಸಿ ಕೊಡುವ ಬೂಸ್ಟ್ ಡ್ರೈವರ್ ಬೇಕೇ ಬೇಕು.

ಆ ಬೂಸ್ಟ್ ಡ್ರೈವರಿನ ಸ್ವಭಾವ ಗೊತ್ತಿರಲಿ. ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಹೆಚ್ಚಿದಷ್ಟೂ ಸಂಪರ್ಕಗಳಲ್ಲಿ ಹೆಚ್ಚು ನಷ್ಟ, ಅದರಿಂದ ವೋಲ್ಟೇಜ್ ಇನ್ನೂ ಇಳಿಯುತ್ತದೆ, ಡ್ರೈವರ್ ಇನ್ನೂ ಎಳೆಯುತ್ತದೆ. ಒಂದೇ ಎಎ ಸೆಲ್ಲಿನಲ್ಲಿ 2 ಆಂಪಿಯರ್ ಎಳೆಯುವ ಟಾರ್ಚಿನ ದಾರಿಯಲ್ಲಿ 0.1 ಓಮ್ ಇದ್ದರೆ ಇರುವ 1.2 ವೋಲ್ಟಿನಲ್ಲಿ ಆರನೇ ಒಂದು ಪಾಲು ಅಲ್ಲಿಗೇ ಹೋಯಿತು. ಲಿಥಿಯಂ ಸೆಲ್ಲಿನ ಟಾರ್ಚು ಸಹಿಸಿಕೊಳ್ಳುವ ಕಿಲುಬನ್ನು ಇದು ಸಹಿಸುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಹೊದಿಕೆ ಹರಿದ ಲಿಥಿಯಂ ಸೆಲ್ಲನ್ನು ಲೋಹದ ಕೊಳವೆಗೆ ತುರುಕಬೇಡಿ. ಅದರ ಮೈಯೆಲ್ಲ ನೆಗೆಟಿವ್, ಪಾಸಿಟಿವ್ ತುದಿಯ ಅಂಚಿನಲ್ಲಿ ಒಂದು ಕೂದಲೆಳೆ ಜಾಗದಲ್ಲಿ ಶಾರ್ಟ್ ಆಗಬಹುದು. 2.5 ವೋಲ್ಟಿಗಿಂತ ಕೆಳಗೆ ಬಿದ್ದು ಬಹಳ ದಿನ ಹಾಗೇ ಇದ್ದ ಸೆಲ್ಲನ್ನು ಚಾರ್ಜ್ ಮಾಡಿ ಬದುಕಿಸುವ ಆಸೆ ಬೇಡ. ಸರಣಿಯಲ್ಲಿ ಎರಡು ಸೆಲ್ ಹಾಕುವುದಾದರೆ ಎರಡೂ ಒಂದೇ ವಯಸ್ಸಿನವು, ಒಂದೇ ವೋಲ್ಟೇಜಿನವು ಇರಲಿ.

ಮುಚ್ಚಳ ತೆಗೆದು ಒಂದು ತಂತಿ

ಇಡೀ ಹುಡುಕಾಟವನ್ನು ಎರಡು ಭಾಗ ಮಾಡುವ ಪರೀಕ್ಷೆ ಇದು. ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ. ಹಿಂದಿನ ಮುಚ್ಚಳ ಪೂರ್ತಿ ಬಿಚ್ಚಿ. ಸೆಲ್ಲಿನ ನೆಗೆಟಿವ್ ತುದಿ ಕಾಣುತ್ತದೆ, ಅದರ ಸುತ್ತ ಕೊಳವೆಯ ಅಂಚು. ಎರಡು ತುದಿಯ ಹೊದಿಕೆ ಕಿತ್ತ ಒಂದು ಗಿಡ್ಡ ದಪ್ಪ ತಾಮ್ರದ ತಂತಿ ತೆಗೆದುಕೊಂಡು ಒಂದು ತುದಿಯನ್ನು ಸೆಲ್ಲಿಗೆ, ಇನ್ನೊಂದನ್ನು ಕೊಳವೆಯ ಅಂಚಿನ ಬೋಳು ಲೋಹಕ್ಕೆ ಒತ್ತಿ ಹಿಡಿಯಿರಿ. ಟಾರ್ಚಿನ ಮುಖ ಗೋಡೆಯ ಕಡೆಗಿರಲಿ, ನಿಮ್ಮ ಕಣ್ಣಿಗಲ್ಲ.

ಬೆಳಕು ಝಗ್ಗನೆ ಬಂತೇ? ದೋಷ ಮುಚ್ಚಳದಲ್ಲಿದೆ: ಸ್ವಿಚ್ಚು, ಸ್ಪ್ರಿಂಗು ಅಥವಾ ತಿರುಪು. ಮೊದಲಿನಷ್ಟೇ ಮಂಕಾಗಿ ಉಳಿಯಿತೇ? ಮುಚ್ಚಳ ಮರೆತುಬಿಡಿ, ಸೆಲ್ ಅಥವಾ ತಲೆಯ ಕಡೆ ಹೋಗಿ. ಕೊಳವೆಯೊಳಗೆ ಇನ್ನೊಂದು ತೆಳು ಕೊಳವೆ ಇರುವ ಕೆಲವು ಟಾರ್ಚುಗಳಿಗೆ ಮಾತ್ರ ಈ ಪರೀಕ್ಷೆ ಹೀಗೇ ಒಗ್ಗದು. ಅಲ್ಲಿ ಒಳಕೊಳವೆ ಗುಂಡಿಯ ಸಂಕೇತ ಒಯ್ಯುತ್ತದೆ.

ತಂತಿಯ ಬದಲು ಮಲ್ಟಿಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿಟ್ಟು ಅದೇ ಜಾಗದಲ್ಲಿ ಕರೆಂಟ್ ಅಳೆಯುವವರಿದ್ದಾರೆ. ಅಳೆಯಿರಿ, ಆದರೆ ಬಂದ ಅಂಕಿಯನ್ನು ಪೂರ್ತಿ ನಂಬಬೇಡಿ. ಅಗ್ಗದ ಮೀಟರಿನ ತೆಳು ವೈರುಗಳಲ್ಲೇ 0.1 ಓಮಿನಷ್ಟು ರೋಧ ಇರುತ್ತದೆ. ಮೀಟರ್ ಸೇರಿಸಿದ್ದರಿಂದಲೇ ಕರೆಂಟ್ ಇಳಿದು, ಇಲ್ಲದ ದೋಷ ಕಾಣುತ್ತದೆ. ಮೀಟರಿನಲ್ಲಿ ಬಂದ ಬೆಳಕನ್ನೂ ದಪ್ಪ ತಂತಿಯಲ್ಲಿ ಬಂದ ಬೆಳಕನ್ನೂ ಹೋಲಿಸಿದರೆ ಇದು ಗೊತ್ತಾಗುತ್ತದೆ. ಅಳೆದ ಕೂಡಲೇ ಕೆಂಪು ವೈರನ್ನು ವೋಲ್ಟ್ ಸಾಕೆಟ್ಟಿಗೆ ಮರಳಿಸಿ. 10 ಆಂಪಿಯರಿನಲ್ಲೇ ಬಿಟ್ಟು ಮುಂದಿನ ಸಲ ಸೆಲ್ಲಿನ ಎರಡು ತುದಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್.

ಮುಚ್ಚಳದೊಳಗೆ

ಮುಚ್ಚಳವನ್ನು ದೀಪಕ್ಕೆ ಹಿಡಿದು ಒಳಗೆ ನೋಡಿದರೆ ಸ್ಪ್ರಿಂಗಿನ ಸುತ್ತ ಒಂದು ಲೋಹದ ಉಂಗುರ, ಅದರಲ್ಲಿ ಎದುರುಬದುರಾಗಿ ಎರಡು ಸಣ್ಣ ತೂತು ಅಥವಾ ಕಚ್ಚು ಕಾಣುತ್ತವೆ. ಈ ಉಂಗುರ ಸ್ವಿಚ್ಚಿನ ಬೋರ್ಡನ್ನು ಹಿಡಿದಿರುವುದಷ್ಟೇ ಅಲ್ಲ, ಕರೆಂಟೂ ಇದರ ಮೂಲಕವೇ ಮುಚ್ಚಳದ ಗೋಡೆಗೆ ದಾಟುತ್ತದೆ. ಗುಂಡಿ ಒತ್ತುತ್ತ ಒತ್ತುತ್ತ ಇದು ಕಾಲು ಸುತ್ತು ಸಡಿಲವಾದರೆ ಸಾಕು, ಬೆಳಕು ಕುಂಟತೊಡಗುತ್ತದೆ. ಚೂಪು ಮೂತಿಯ ಇಕ್ಕಳದ ಎರಡು ತುದಿ ತೂತಿಗಿಟ್ಟು ಬಿಗಿಮಾಡಿ. ಮಂಕು ಟಾರ್ಚುಗಳಲ್ಲಿ ಬರೀ ಇಷ್ಟಕ್ಕೇ ಗುಣವಾಗುವವು ಬಹಳ. ಹಾಗೆಂದು ಇದನ್ನು ಮೊದಲು ನೋಡುವವರು ಕಡಿಮೆ.

ಆಮೇಲೆ ತಿರುಪಿನ ಸುತ್ತುಗಳು. ಅಲ್ಯೂಮಿನಿಯಂ ಕೊಳವೆಗೆ ಬಣ್ಣ ಬರಲು ಮಾಡುವ ಆನೊಡೈಸಿಂಗ್ ಎಂದರೆ ಮೇಲ್ಮೈಯಲ್ಲಿ ಬೆಳೆಸಿದ ಆಕ್ಸೈಡ್ ಪದರ. ಅದು ಕರೆಂಟನ್ನು ಬಿಡುವುದಿಲ್ಲ. ಕೊಳವೆಯ ಮೂಲಕವೇ ಕರೆಂಟ್ ಹೋಗುವ ಟಾರ್ಚುಗಳಲ್ಲಿ ತಿರುಪು ಅಥವಾ ಕೊಳವೆಯ ಕೊನೆಯ ಅಂಚು, ಎರಡರಲ್ಲೊಂದು ಬೋಳಾಗಿ ಬೆಳ್ಳಗಿರಲೇಬೇಕು. ಮಾರ್ಪಡಿಸುವಾಗ ಬೇರೆ ಟಾರ್ಚಿನ ಕೊಳವೆ ಜೋಡಿಸಿದ್ದರೆ ಅಥವಾ ಬಣ್ಣ ಹಚ್ಚಿದ್ದರೆ ಇಲ್ಲಿ ಮೊದಲು ನೋಡಿ. ಅಂಚು ಕಪ್ಪಗಿದ್ದರೆ ನಯವಾದ ಸ್ಯಾಂಡ್ ಪೇಪರನ್ನು ಗಾಜಿನ ಮೇಲಿಟ್ಟು, ಕೊಳವೆಯನ್ನು ನೇರವಾಗಿ ನಿಲ್ಲಿಸಿ ನಾಲ್ಕು ಸುತ್ತು ತಿಕ್ಕಿದರೆ ಅಂಚು ಸಮವಾಗಿ ಹೊಳೆಯುತ್ತದೆ. ಪುಡಿ ಒಳಗೆ ಬಿಡಬೇಡಿ.

ಗ್ರೀಸು ತಿರುಪಿಗೆ ಬೇಕು, ತೆಳ್ಳಗೆ. ಸಿಲಿಕೋನ್ ಗ್ರೀಸು ಕರೆಂಟ್ ಒಯ್ಯುವುದಿಲ್ಲ. ಲೋಹ ಲೋಹಕ್ಕೆ ಒತ್ತಿ ಕೂತಾಗ ಅದು ಪಕ್ಕಕ್ಕೆ ಸರಿಯುತ್ತದೆ ಎಂಬ ನಂಬಿಕೆಯ ಮೇಲೆ ನಡೆಯುವ ವ್ಯವಹಾರ ಇದು. ತುಪ್ಪ ಸುರಿದಂತೆ ಸುರಿದರೆ ಅಲ್ಯೂಮಿನಿಯಂ ಪುಡಿಯ ಜೊತೆ ಸೇರಿ ಕಪ್ಪು ಅಂಟಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಹಳೆಯದನ್ನೆಲ್ಲ ಒರೆಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಂತ ಮೇಲೆ ಹೊಸದನ್ನು ಸವರಿ.

ಸೆಲ್ ಸೋರಿ ಬಿಳಿ ಹೊಟ್ಟು ಕಟ್ಟಿದ್ದರೆ ಬರೀ ಕೆರೆಯುವುದರಿಂದ ಆಗದು. ಅಲ್ಕಲೈನ್ ಸೆಲ್ಲಿನ ಸೋರಿಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ವಿನೆಗರ್ ಅಥವಾ ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿದರೆ ಬುರುಗು ಬಂದು ಕರಗುತ್ತದೆ. ಆಮೇಲೆ ಸ್ವಲ್ಪ ನೀರಿನಲ್ಲಿ, ಕೊನೆಗೆ ಆಲ್ಕೊಹಾಲಿನಲ್ಲಿ ಒರೆಸಿ ಒಣಗಿಸಿ. ಹಳೆಯ ಜಿಂಕ್-ಕಾರ್ಬನ್ ಸೆಲ್ಲಿನ ಸೋರಿಕೆ ಆಮ್ಲೀಯ, ಅದಕ್ಕೆ ಅಡುಗೆ ಸೋಡಾ ನೀರು. ಲೇಪ ತಿಂದುಹೋಗಿ ಕೆಂಪು ತುಕ್ಕು ಕಂಡ ಸ್ಪ್ರಿಂಗನ್ನು ಉಳಿಸಲು ಹೋಗದೆ ಬದಲಿಸುವುದೇ ವಾಸಿ.

ಸ್ಪ್ರಿಂಗಿನದೇ ಒಂದು ಅಧ್ಯಾಯ. ಉಕ್ಕು ತಾಮ್ರದಂತೆ ಕರೆಂಟ್ ಒಯ್ಯುವುದಿಲ್ಲ. ತೆಳು ಉಕ್ಕಿನ ಸ್ಪ್ರಿಂಗನ್ನು ಬಿಡಿಸಿ ಎಳೆದರೆ ಎಷ್ಟು ಉದ್ದದ ತಂತಿ ಆಗುತ್ತದೆ, ಊಹಿಸಿಕೊಳ್ಳಿ. ಅಷ್ಟು ಉದ್ದವೂ ಕರೆಂಟ್ ಸುತ್ತಿ ಬರಬೇಕು. ಹೆಚ್ಚು ಕರೆಂಟಿನಲ್ಲಿ ಅದು ಕಾದು, ಬಿಗುವು ಕಳೆದುಕೊಂಡು ಕುಸಿಯುತ್ತದೆ. ನೀಲಿ-ಕಂದು ಬಣ್ಣಕ್ಕೆ ತಿರುಗಿ ಗಿಡ್ಡವಾದ ಸ್ಪ್ರಿಂಗ್ ಕಂಡರೆ ಇದೇ ಆಗಿದೆ. ಪರಿಹಾರ: ಸ್ಪ್ರಿಂಗಿನ ತುದಿಯಿಂದ ಬುಡಕ್ಕೆ, ಒಳಗಡೆಯಿಂದ, ಸಿಲಿಕೋನ್ ಹೊದಿಕೆಯ ಬಳುಕುವ ತಾಮ್ರದ ತಂತಿ ಬೆಸೆಯುವುದು. ಕರೆಂಟ್ ತಂತಿಯಲ್ಲಿ ಹೋಗುತ್ತದೆ, ಸ್ಪ್ರಿಂಗ್ ಬರೀ ಒತ್ತಡ ಕೊಡುತ್ತದೆ. ತಂತಿ ತುಸು ಉದ್ದ ಬಿಡಿ, ಬಿಲ್ಲಿನಂತೆ ಬಾಗಲಿ. ಬಿಗಿಯಾಗಿ ಬೆಸೆದರೆ ಸ್ಪ್ರಿಂಗ್ ಒತ್ತಿಕೊಳ್ಳಲಾರದೆ ಮುಚ್ಚಳವೇ ಪೂರ್ತಿ ಕೂರುವುದಿಲ್ಲ. ಬೆಸುಗೆ ಬೇಗ ಮುಗಿಸಿ, ಬಹಳ ಹೊತ್ತು ಕಾಯಿಸಿದರೂ ಬಿಗುವು ಹೋಗುತ್ತದೆ.

ಸೆಲ್ಲಿನ ಉದ್ದವೂ ಇಲ್ಲಿ ಆಟ ಆಡುತ್ತದೆ. 18650 ಎಂದರೆ 18 ಮಿಲಿಮೀಟರ್ ಅಗಲ, 65 ಉದ್ದ. ರಕ್ಷಣಾ ಬೋರ್ಡ್ ಇರುವ ಸೆಲ್ ಅದಕ್ಕಿಂತ ಕೆಲವು ಮಿಲಿಮೀಟರ್ ಹೆಚ್ಚು. ಉದ್ದ ಹೆಚ್ಚಾದರೆ ಮುಚ್ಚಳ ಕಡೆಯ ಸುತ್ತು ಹೋಗುವುದಿಲ್ಲ, ಅಂಚು ಅಂಚಿಗೆ ತಾಗುವುದಿಲ್ಲ, ತಿರುಪಿನ ಒಂದೆರಡು ಎಳೆಯಲ್ಲೇ ಎಲ್ಲ ಕರೆಂಟೂ ನುಸುಳಬೇಕು. ಗಿಡ್ಡವಾದರೆ ಒತ್ತಡ ಸಾಲದು. ಇನ್ನು ಡ್ರೈವರಿನಲ್ಲಿ ಉಲ್ಟಾ ಸೆಲ್ ತಡೆಯಲು ಪ್ಲಾಸ್ಟಿಕ್ ಉಂಗುರ ಎದ್ದಿದ್ದರೆ ಚಪ್ಪಟೆ ತಲೆಯ ಸೆಲ್ ಸರಿಯಾಗಿ ತಾಗದು. ಮಧ್ಯೆ ಪುಟ್ಟ ಆಯಸ್ಕಾಂತ ಇಡುವ ಉಪಾಯ ಹಲವರು ಮಾಡುತ್ತಾರೆ, ನಾನು ಬೇಡ ಎನ್ನುತ್ತೇನೆ. ಅದು ಜಾರಿ ಅಂಚಿಗೆ ಬಿದ್ದರೆ ಶಾರ್ಟ್. ಮೊಗ್ಗು ತಲೆಯ ಸೆಲ್ಲನ್ನೇ ಕೊಳ್ಳಿ.

ಸೆಲ್ ಗೂಡು ಇರುವ ಟಾರ್ಚು

ಮೂರು ಎಎಎ ಸೆಲ್ ಹಿಡಿಯುವ ಪ್ಲಾಸ್ಟಿಕ್ ಗೂಡು ಇದ್ದರೆ ಸ್ಪ್ರಿಂಗ್ ಬಿಟ್ಟು ರಿವೆಟ್ ನೋಡಿ. ಸ್ಪ್ರಿಂಗನ್ನು ಲೋಹದ ಪಟ್ಟಿಗೆ ಸೇರಿಸಿದ ಗುಂಡು ತಲೆಯ ಮೊಳೆ ಅದು. ಬೆಸುಗೆ ಇಲ್ಲ, ಬರೀ ಬಡಿದು ಕೂರಿಸಿದ್ದು. ಉಗುರಿನಿಂದ ತಿರುಗಿಸಿದರೆ ತಿರುಗಿತೇ? ಸುತ್ತಲಿನ ಪ್ಲಾಸ್ಟಿಕ್ ಹೊಳಪಾಗಿ ಕರಗಿದಂತಿದೆಯೇ? ಅಲ್ಲಿ ಕಾದಿದೆ. ಪಟ್ಟಿ ಮತ್ತು ರಿವೆಟ್ ಕೂಡುವ ಜಾಗವನ್ನು ಕೆರೆದು, ಫ್ಲಕ್ಸ್ ಹಚ್ಚಿ, ಒಂದು ಹನಿ ಬೆಸುಗೆ ಬಿಡಿ. ಹೆಚ್ಚು ಹೊತ್ತು ಹಿಡಿದರೆ ಗೂಡೇ ಕರಗೀತು.

ತಲೆಯ ಕಡೆ

ತಂತಿಯ ಪರೀಕ್ಷೆಯಲ್ಲಿ ಮುಚ್ಚಳ ನಿರ್ದೋಷಿ ಎಂದು ತೇಲಿ, ಸೆಲ್ಲೂ ಸರಿಯಿದ್ದರೆ ತಲೆ ಬಿಚ್ಚಿ ಮೇಜಿನ ಮೇಲೆ ಉರಿಸಿ. ಸೆಲ್ಲಿನ ನೆಗೆಟಿವ್‌ನಿಂದ ಡ್ರೈವರಿನ ಹೊರ ಉಂಗುರಕ್ಕೆ ಒಂದು ದಪ್ಪ ತಂತಿ, ಪಾಸಿಟಿವ್‌ನಿಂದ ನಡುವಿನ ಸ್ಪ್ರಿಂಗಿಗೆ ಇನ್ನೊಂದು. ಈಗ ಮೀಟರನ್ನು ಮಿಲಿವೋಲ್ಟಿಗಿಟ್ಟು, ಉರಿಯುತ್ತಿರುವಾಗಲೇ, ಒಂದೊಂದು ಕೂಡುವ ಜಾಗದ ಆಚೀಚೆ ಮುಟ್ಟಿಸಿ. ಸ್ಪ್ರಿಂಗಿನ ತುದಿಗೂ ಬುಡದ ಬೆಸುಗೆಗೂ ನಡುವೆ 140 ಮಿಲಿವೋಲ್ಟ್ ತೋರಿಸಿ, ಹರಿಯುತ್ತಿರುವುದು 2.8 ಆಂಪಿಯರ್ ಆದರೆ ಆ ಸ್ಪ್ರಿಂಗ್ 50 ಮಿಲಿಓಮ್. ಓಮ್ ಮೀಟರಿನಲ್ಲಿ ಇಷ್ಟು ಸಣ್ಣದು ಸಿಗುವುದೇ ಇಲ್ಲ. ಇಳಿದ ವೋಲ್ಟೇಜ್ ಎಲ್ಲಿ ದೊಡ್ಡದೋ ಅಲ್ಲಿ ಕೆಲಸ.

ಡ್ರೈವರಿನ ಹೊರ ಉಂಗುರ ಹಿತ್ತಾಳೆಯ ಪಿಲ್ಲಿಗೆ (ಎಲ್‌ಇಡಿ, ಡ್ರೈವರ್ ಎರಡೂ ಕೂರುವ ಲೋಹದ ಬಿಲ್ಲೆ) ತಾಗುವ ಜಾಗ ಸಾಮಾನ್ಯ ಅಪರಾಧಿ. ಒತ್ತಿ ಕೂರಿಸಿದ್ದು ಸಾಲದು, ಎರಡು ಮೂರು ಕಡೆ ಬೆಸೆಯಿರಿ. ಪಿಲ್ ಅಲ್ಯೂಮಿನಿಯಂ ಆಗಿದ್ದರೆ ಮಾಮೂಲಿ ಬೆಸುಗೆ ಹಿಡಿಯದು, ತಿರುಪಿನ ಉಂಗುರವೇ ಗತಿ. ಶಾಖ ದಾಟಿಸಲು ಹಚ್ಚಿದ ಥರ್ಮಲ್ ಪೇಸ್ಟು ಅಂಚಿಗೆ ಹರಿದು ಸಂಪರ್ಕದ ನಡುವೆ ಸೇರಿಕೊಂಡಿದ್ದರೂ ಇದೇ ತೊಂದರೆ. ಡ್ರೈವರಿಗೆ ನೀವೇ ಉಲ್ಟಾ ಸೆಲ್ ತಡೆಯುವ ಡಯೋಡ್ ಸೇರಿಸಿ ಅದರಲ್ಲೇ ಎಲ್ಲ ಕರೆಂಟೂ ಹೋಗುವಂತೆ ಮಾಡಿದ್ದರೆ, ಕಡಿಮೆ ವೋಲ್ಟೇಜ್ ನುಂಗುವ ಷಾಟ್‌ಕಿ ಜಾತಿಯದೇ ಆದರೂ 0.3 ವೋಲ್ಟಿನಷ್ಟು ಅಲ್ಲಿಗೆ ದಾನ. ಎಲ್‌ಇಡಿಗೆ ಹೋಗುವ ಎರಡು ವೈರುಗಳು ಕೂದಲಿನಷ್ಟು ತೆಳ್ಳಗಿದ್ದರೆ ದಪ್ಪದ್ದು ಹಾಕಿ, ಚಿಕ್ಕದಾಗಿ ಕತ್ತರಿಸಿ.

ಲೋಹದ ರಿಫ್ಲೆಕ್ಟರಿನ ಬುಡ ಎಲ್‌ಇಡಿಯ ಪಕ್ಕದ ಬೆಸುಗೆಗೆ ತಾಗುವಂತಿದ್ದರೆ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ. ಬಿಚ್ಚಿಟ್ಟಾಗ ಪ್ರಖರ, ಮುಚ್ಚಿ ಬಿಗಿಮಾಡಿದಾಗ ಮಂಕು ಅಥವಾ ಆರಿಹೋಗುವುದು ಇದರ ಗುರುತು. ನಡುವೆ ಕೂರುವ ಪ್ಲಾಸ್ಟಿಕ್ ಉಂಗುರ ಕಳೆದುಹೋಗಿರುತ್ತದೆ. ಬೆಳಕು ಒಟ್ಟು ಸರಿಯಿದ್ದು ದೂರಕ್ಕೆ ಮಾತ್ರ ಹೋಗುತ್ತಿಲ್ಲವಾದರೆ ಇದು ಕರೆಂಟಿನ ಮಾತೇ ಅಲ್ಲ. ಎಲ್‌ಇಡಿ ರಿಫ್ಲೆಕ್ಟರಿನ ನಾಭಿಯಲ್ಲಿ ಕೂತಿಲ್ಲ, ಎತ್ತರ ಸರಿಪಡಿಸಿ.

ಎಲ್‌ಇಡಿಯೇ ಹಾಳಾದಾಗ

ಇಷ್ಟೆಲ್ಲ ಆದ ಮೇಲೆ, ಎಲ್‌ಇಡಿಯ ಎರಡು ತುದಿಯಲ್ಲಿ ಬೇಕಾದ ವೋಲ್ಟೇಜೂ ದಾರಿಯಲ್ಲಿ ಬೇಕಾದ ಕರೆಂಟೂ ಇದ್ದು ಬೆಳಕು ಮಾತ್ರ ಇಲ್ಲವೆಂದಾದರೆ ಆಗ ಅದನ್ನು ಅನುಮಾನಿಸಿ. ಬೆಳಕು ನೀಲಿಗೆ ತಿರುಗಿದ್ದರೆ, ಮೇಲಿನ ಸಿಲಿಕೋನ್ ಗುಮ್ಮಟದಲ್ಲಿ ಕಂದು ಅಥವಾ ಕಪ್ಪು ಚುಕ್ಕೆ ಕಂಡರೆ ಅದು ಶಾಖಕ್ಕೆ ಸುಟ್ಟಿದೆ. ಹೊಸದು ಹಾಕುವ ಮುಂಚೆ ಸುಟ್ಟ ಕಾರಣ ತೆಗೆಯಿರಿ: ಎಲ್‌ಇಡಿ ಕೂತ ಲೋಹದ ತಟ್ಟೆ ಅಡಿಯ ಲೋಹಕ್ಕೆ ಸಮತಟ್ಟಾಗಿ ತಾಗಿಲ್ಲ ಅಥವಾ ಪೇಸ್ಟು ಒಣಗಿ ಪುಡಿಯಾಗಿದೆ. ಎರಡೂ ಮೇಲ್ಮೈ ತಿಕ್ಕಿ ನುಣ್ಣಗೆ ಮಾಡಿ, ಪೇಸ್ಟನ್ನು ತೆಳುವಾಗಿ ಸವರಿ, ಒತ್ತಿದಾಗ ಅಲುಗಾಡದಂತೆ ಕೂರಿಸಿ. ಬೆಸೆಯುವ ಮುಂಚೆ ಮೀಟರನ್ನು ಡಯೋಡ್ ಗುರುತಿಗಿಟ್ಟು ಎರಡು ತುದಿಗೆ ಮುಟ್ಟಿಸಿ. ಬಹಳಷ್ಟು ಮೀಟರುಗಳಲ್ಲಿ ಎಲ್‌ಇಡಿ ಸಣ್ಣಗೆ ಮಿನುಗುತ್ತದೆ, ಮಿನುಗಿದಾಗ ಕೆಂಪು ವೈರು ಇರುವ ಕಡೆ ಪಾಸಿಟಿವ್.